ಐದನೇ ತಿಂಗಳ ಪತ್ರಗಳು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ನಾಲ್ಕರಿಂದ ಏಳನೇ ತಿಂಗಳೊಳಗಿನ ಬಸುರಿಯರದ್ದು. ಅದಕ್ಕೇ ಇಡೀ ಅಂಕಣ ಅವರಿಗೇ ಮೀಸಲು. ವಾಂತಿ ನಿಂತಿರುತ್ತದೆ, ಹೊಟ್ಟೆ ಇನ್ನೂ ಅಷ್ಟು ಭಾರವಾಗಿರುವುದಿಲ್ಲ. ಕಂಡವರೆಲ್ಲ "ಇನ್ನೇನು ಬಿಡು, ಇವು ಆರಾಮದ ದಿನಗಳು" ಎನ್ನುತ್ತಾರೆ. ಹಾಗೆ ಅಂದುಬಿಟ್ಟ ಮೇಲೆ ಕಷ್ಟ ಇದ್ದರೂ ಹೇಳಿಕೊಳ್ಳಲು ಬಾಯಿ ಬರುವುದಿಲ್ಲ. ನಾನು 31 ವರ್ಷ ಹೆರಿಗೆ ವಾರ್ಡಿನಲ್ಲಿ ಸಿಸ್ಟರ್ ಆಗಿದ್ದವಳು, ಎರಡು ಹೆತ್ತವಳು. "ಸಣ್ಣ ವಿಷಯ, ಕೇಳೋದು ಯಾಕೆ ಅಂತ ಸುಮ್ಮನಿದ್ದೆ ಸಿಸ್ಟರ್" ಎಂಬ ಮಾತನ್ನು ಅಲ್ಲಿ ಕೇಳಿದಷ್ಟು ಸಲ ಬೇರೆ ಯಾವ ಮಾತನ್ನೂ ಕೇಳಿಲ್ಲ.

ಮೊದಲು ಲೆಕ್ಕದ ಒಂದು ಗೊಂದಲ ಬಗೆಹರಿಸಿಬಿಡುತ್ತೇನೆ. ಡಾಕ್ಟರು ವಾರ ಎಣಿಸುವುದು ಕೊನೆಯ ಮುಟ್ಟಿನ ಮೊದಲ ದಿನದಿಂದ. ಒಟ್ಟು 40 ವಾರ, ಅಂದರೆ 280 ದಿನ. ಮನೆಯಲ್ಲಿ ತಿಂಗಳ ಲೆಕ್ಕ, ಆಸ್ಪತ್ರೆಯಲ್ಲಿ ವಾರದ ಲೆಕ್ಕ ಎರಡೂ ಸೇರಿದಾಗ ತಲೆ ಕೆಡುತ್ತದೆ. ನಿಮ್ಮ ಚೀಟಿಯಲ್ಲಿ ಬರೆದಿರುವ ವಾರವನ್ನೇ ಹಿಡಿದುಕೊಳ್ಳಿ. ಪರೀಕ್ಷೆಗಳೆಲ್ಲ ನಡೆಯುವುದು ಆ ಲೆಕ್ಕದಲ್ಲೇ.

ಪ್ರಶ್ನೆ: ಸಿಸ್ಟರ್, ನನಗೀಗ 19 ವಾರ, ಚೊಚ್ಚಲು. ನನ್ನ ಅಕ್ಕನಿಗೆ 17ನೇ ವಾರಕ್ಕೇ ಮಗು ಅಲುಗಾಡಿದ್ದು ಗೊತ್ತಾಗಿತ್ತಂತೆ. ನನಗೆ ಏನೂ ಇಲ್ಲ. ರಾತ್ರಿಯೆಲ್ಲ ಹೊಟ್ಟೆ ಮೇಲೆ ಕೈಯಿಟ್ಟುಕೊಂಡು ಎಚ್ಚರವಾಗಿರುತ್ತೇನೆ. ಮನೆಯಲ್ಲೇ ಎದೆಬಡಿತ ಕೇಳುವ ಯಂತ್ರ ತರಿಸಿಕೊಳ್ಳಲೇ?

ಉತ್ತರ: ಮಗಳೇ, ಅಕ್ಕನಿಗೆ ಅದು ಎರಡನೆಯದಾಗಿತ್ತೇ ಎಂದು ಕೇಳಿ ನೋಡಿ. ಒಮ್ಮೆ ಹೆತ್ತವರಿಗೆ 16ನೇ ವಾರದ ಹೊತ್ತಿಗೇ ಗೊತ್ತಾಗುವುದುಂಟು. ಚೊಚ್ಚಲಿನವರಿಗೆ 18ರಿಂದ 20 ವಾರ, ಕೆಲವರಿಗೆ ಅದಕ್ಕಿಂತಲೂ ತಡ. ಮಗು ಮೂರನೇ ತಿಂಗಳಿಗೂ ಮೊದಲೇ ಅಲುಗಾಡಲು ಶುರು ಮಾಡಿರುತ್ತದೆ, ಆದರೆ ಅದು ತೀರಾ ಪುಟ್ಟದು. 20ನೇ ವಾರದಲ್ಲೂ ಅದರ ತೂಕ ಸುಮಾರು 300 ಗ್ರಾಂ. ಅಷ್ಟು ಹಗುರದ ಕಾಲು ಒದ್ದದ್ದು ಗರ್ಭಕೋಶದ ಗೋಡೆ ದಾಟಿ ನಿಮ್ಮ ಅರಿವಿಗೆ ಬರಬೇಕು. ಮಾಸು, ಅಂದರೆ ಮಗುವಿಗೆ ಆಹಾರ ಒದಗಿಸುವ ಪ್ಲಸೆಂಟಾ, ಗರ್ಭಕೋಶದ ಮುಂಭಾಗಕ್ಕೆ ಅಂಟಿಕೊಂಡಿದ್ದರೆ ನಡುವೆ ದಿಂಬು ಇಟ್ಟ ಹಾಗಾಗುತ್ತದೆ, ಇನ್ನೂ ತಡವಾಗುತ್ತದೆ. ಸ್ಕ್ಯಾನ್ ವರದಿಯಲ್ಲಿ ಮಾಸು ಎಲ್ಲಿದೆ ಎಂದು ಬರೆದಿರುತ್ತಾರೆ, ಕೇಳಿ ತಿಳಿದುಕೊಳ್ಳಿ.

ಇನ್ನೊಂದು ವಿಷಯ. ಸಿನಿಮಾದಲ್ಲಿ ತೋರಿಸುವ ಒದೆತಕ್ಕೆ ಕಾಯುತ್ತಾ ಕೂತರೆ ಮೊದಲ ಅಲುಗಾಟ ತಪ್ಪಿಹೋಗುತ್ತದೆ. ಅದು ನೀರಿನ ಗುಳ್ಳೆ ಒಡೆದ ಹಾಗೆ, ಮೀನು ಬಾಲ ಬಡಿದ ಹಾಗೆ, ರೆಪ್ಪೆ ಅದುರಿದ ಹಾಗೆ ಇರುತ್ತದೆ. ಎಷ್ಟೋ ಜನ ವಾಯು ಅಂದುಕೊಳ್ಳುತ್ತಾರೆ. ನನಗೆ ಮೊದಲನೆಯದಕ್ಕೆ ಗೊತ್ತಾದದ್ದು 21ನೇ ವಾರದಲ್ಲಿ, ರಾತ್ರಿ ಪಾಳಿ ಮುಗಿಸಿ ಬೆಂಚಿನ ಮೇಲೆ ಕಾಲು ಚಾಚಿದಾಗ. ಹೊಕ್ಕುಳಿಗಿಂತ ಎರಡು ಬೆರಳು ಕೆಳಗೆ, ಎಡಕ್ಕೆ, ಎರಡು ಸಲ. ದಿನವೂ ನೂರು ಹೊಟ್ಟೆ ಮುಟ್ಟಿ ನೋಡುತ್ತಿದ್ದ ನಾನೂ ಅದು ಮಗುವೇ ಎಂದು ನಂಬಲು ಮೂರು ದಿನ ತೆಗೆದುಕೊಂಡೆ. ನೀವೂ ಓಡಾಟವೆಲ್ಲ ಮುಗಿಸಿ ಮಲಗಿದ ಹೊತ್ತಿನಲ್ಲಿ ಗಮನಿಸಿ. 24 ವಾರ ತುಂಬಿದರೂ ಏನೂ ಅನ್ನಿಸದಿದ್ದರೆ ಆಗ ಮಾತ್ರ ಕಾಯಬೇಡಿ, ಡಾಕ್ಟರ ಹತ್ತಿರ ಹೋಗಿ.

ಯಂತ್ರ ಬೇಡ. ಇದನ್ನು ಖಡಾಖಂಡಿತವಾಗಿ ಹೇಳುತ್ತೇನೆ. ಅಭ್ಯಾಸ ಇಲ್ಲದ ಕೈಗೆ ಆ ಯಂತ್ರದಲ್ಲಿ ಕೇಳುವುದು ಎಷ್ಟೋ ಸಲ ತಾಯಿಯ ರಕ್ತನಾಳದ ಸದ್ದು ಇಲ್ಲವೇ ಮಾಸಿನಲ್ಲಿ ರಕ್ತ ಹರಿಯುವ ಸದ್ದು. ಅದನ್ನೇ ಮಗುವಿನ ಎದೆಬಡಿತ ಅಂದುಕೊಂಡು ಸಮಾಧಾನಪಟ್ಟು, ಆಸ್ಪತ್ರೆಗೆ ಬರಬೇಕಾದ ದಿನ ಮನೆಯಲ್ಲೇ ಉಳಿದುಬಿಡುವ ಅಪಾಯವಿದೆ.

ಮುಂದೆ, 28 ವಾರದ ಹೊತ್ತಿಗೆ, ನಿಮ್ಮ ಮಗುವಿಗೆ ತನ್ನದೇ ಒಂದು ದಿನಚರಿ ಬಂದಿರುತ್ತದೆ. ಅದು ನಿಮಗೆ ಚೆನ್ನಾಗಿ ಪರಿಚಯವಾಗುತ್ತದೆ. ಎಷ್ಟು ಸಲ ಒದೆಯಬೇಕು ಎಂಬ ಒಂದೇ ಸಂಖ್ಯೆ ಎಲ್ಲರಿಗೂ ಹೊಂದುವುದಿಲ್ಲ. ನಿನ್ನೆಗಿಂತ ಇವತ್ತು ಕಡಿಮೆ ಅನ್ನಿಸಿದರೆ ಅದೇ ಸಾಕು, ಅದೇ ದಿನ ಹೋಗಿ ತೋರಿಸಬೇಕು. ನನ್ನ ಎರಡನೆಯ ಬಸುರಿನಲ್ಲಿ, 29ನೇ ವಾರದಲ್ಲಿ, ಒಂದು ಸಂಜೆಯೆಲ್ಲ ಒಳಗೆ ಮೌನ. ಆಸ್ಪತ್ರೆಗೆ ಫೋನ್ ಮಾಡಿದೆ. ಆ ಕಡೆ ಎತ್ತಿದವರು "ಬೆಳಿಗ್ಗೆ ಬಂದರೆ ಸಾಕು" ಅಂದರು. ಫೋನಿಟ್ಟು ಅರ್ಧ ಗಂಟೆ ಕೂತೆ, ಆಮೇಲೆ ಚಪ್ಪಲಿ ಮೆಟ್ಟಿಕೊಂಡು ಹೊರಟೇಬಿಟ್ಟೆ. ಎಲ್ಲ ಸರಿಯಾಗಿತ್ತು. ಆ ಮಗಳಿಗೆ ಈಗ 26 ವರ್ಷ. ಏನೂ ಇರಲಿಲ್ಲವಲ್ಲ, ಸುಮ್ಮನೆ ಬಂದಿರಿ ಎಂದು ಆ ರಾತ್ರಿ ಯಾರಾದರೂ ಅಂದಿದ್ದರೂ ನನಗೆ ಬೇಸರವಾಗುತ್ತಿರಲಿಲ್ಲ. ಈಗ ಹಾಗೇ ಆದರೂ ಮತ್ತೆ ಹೋಗುತ್ತೇನೆ.

ಪ್ರಶ್ನೆ: ನನ್ನ ಹೆಂಡತಿಗೆ 20ನೇ ವಾರದ ಸ್ಕ್ಯಾನ್ ಆಯಿತು. ಮಗುವಿನ ಅಂಗಾಂಗ ಎಲ್ಲ ಚೆನ್ನಾಗಿದೆ ಅಂದರು, ಆದರೆ "ಮಾಸು ಕೆಳಗಿದೆ" ಎಂದು ಬರೆದಿದ್ದಾರೆ. ಅವಳು ಅತ್ತೂ ಅತ್ತೂ ಸುಸ್ತಾಗಿದ್ದಾಳೆ. ಮನೆಯವರು ಹಾಸಿಗೆ ಬಿಟ್ಟು ಏಳಲೇಬಾರದು ಎನ್ನುತ್ತಿದ್ದಾರೆ. ಇಷ್ಟೊಂದು ಸ್ಕ್ಯಾನ್ ಮಾಡಿಸಿದರೆ ಮಗುವಿಗೆ ತೊಂದರೆಯಾಗದೇ?

ಉತ್ತರ: ತಮ್ಮಾ, ಮೊದಲು ಒಳ್ಳೆಯ ಸುದ್ದಿ ಹೇಳುತ್ತೇನೆ, ಅವಳಿಗೆ ಓದಿ ಹೇಳಿ. ಈ ಹಂತದಲ್ಲಿ ಕೆಳಗೆ ಕಂಡ ಮಾಸು ಬಹುಪಾಲು ಹೆಂಗಸರಲ್ಲಿ ತಾನಾಗಿಯೇ ಮೇಲಕ್ಕೆ ಸರಿಯುತ್ತದೆ. ಸರಿಯುತ್ತದೆ ಅಂದರೆ ಮಾಸು ತಾನೇ ನಡೆದುಹೋಗುವುದಿಲ್ಲ. ಮುಂದಿನ ವಾರಗಳಲ್ಲಿ ಗರ್ಭಕೋಶದ ಕೆಳಭಾಗ ಹಿಗ್ಗಿ ಉದ್ದವಾಗುತ್ತದೆ, ಆಗ ಗರ್ಭಕೋಶದ ಬಾಯಿಗೂ ಮಾಸಿಗೂ ನಡುವಿನ ಅಂತರ ಬೆಳೆಯುತ್ತದೆ. ಬಲೂನಿನ ಬಾಯಿಯ ಹತ್ತಿರ ಒಂದು ಚುಕ್ಕೆ ಇಟ್ಟು ಊದಿ ನೋಡಿ, ಅರ್ಥವಾಗುತ್ತದೆ. ಅದಕ್ಕೇ ಸುಮಾರು 32ನೇ ವಾರದಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿ ನೋಡುತ್ತಾರೆ. ಆಗಲೂ ಮಾಸು ಬಾಯಿಯನ್ನು ಮುಚ್ಚಿಕೊಂಡೇ ಇದ್ದರೆ ಸಿಸೇರಿಯನ್ ಮಾಡುತ್ತಾರೆ, ದಿನವನ್ನು ಮೊದಲೇ ಗೊತ್ತುಮಾಡಿಕೊಂಡು.

ರಕ್ತಸ್ರಾವ ಇಲ್ಲದಿದ್ದರೆ ಹಾಸಿಗೆ ಹಿಡಿಯುವ ಅಗತ್ಯವಿಲ್ಲ. ದಿನಗಟ್ಟಲೆ ಮಲಗಿಸಿದರೆ ಮಾಸು ಮೇಲೇರುವುದಿಲ್ಲ. ಅದರ ಬದಲು ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಹೆಚ್ಚುತ್ತದೆ, ಮನಸ್ಸೂ ಕುಗ್ಗುತ್ತದೆ. ಅವಳು ಮನೆಯಲ್ಲಿ ಓಡಾಡಲಿ, ನಡೆಯಲಿ. ನೀವು ನೆನಪಿಡಬೇಕಾದದ್ದು ಒಂದೇ: ನೋವಿರಲಿ ಇಲ್ಲದಿರಲಿ, ರಕ್ತ ಕಂಡರೆ ಆ ಕ್ಷಣವೇ ಆಸ್ಪತ್ರೆ. ಕೆಳಗಿರುವ ಮಾಸಿನಿಂದ ಬರುವ ರಕ್ತಕ್ಕೆ ಹಲವು ಸಲ ನೋವೇ ಇರುವುದಿಲ್ಲ, ಅದಕ್ಕೇ ಮೋಸ ಹೋಗುತ್ತಾರೆ. ಸ್ಕ್ಯಾನ್ ವರದಿಯ ಒಂದು ಪ್ರತಿ ಸದಾ ಅವಳ ಚೀಲದಲ್ಲಿರಲಿ, ಮಾಸು ಕೆಳಗಿದೆ ಎಂಬುದನ್ನು ನೋಡುವ ಪ್ರತಿ ಡಾಕ್ಟರಿಗೂ ಹೇಳಲಿ. ಮಾಸು ಬಾಯಿಯ ಮೇಲೇ ಇದ್ದರೆ ಗಂಡ ಹೆಂಡತಿ ಕೂಡುವುದು ಸದ್ಯಕ್ಕೆ ಬೇಡ. ಇದನ್ನು ಡಾಕ್ಟರ ಹತ್ತಿರ ಬಾಯಿಬಿಟ್ಟು ಕೇಳಿ ಖಚಿತಮಾಡಿಕೊಳ್ಳಿ.

ಸ್ಕ್ಯಾನ್ ಬಗ್ಗೆ: ಅದು ಎಕ್ಸ್‌ರೇ ಅಲ್ಲ, ನಮ್ಮ ಕಿವಿಗೆ ಕೇಳದಷ್ಟು ಎತ್ತರದ ಶಬ್ದದ ಅಲೆ. ಗ್ಲಾಸ್ಗೋದಲ್ಲಿ ಇಯಾನ್ ಡೊನಾಲ್ಡ್ ಎಂಬ ಪ್ರಸೂತಿ ತಜ್ಞರು, ಲೋಹದಲ್ಲಿ ಬಿರುಕು ಹುಡುಕಲು ಕಾರ್ಖಾನೆಯವರು ಬಳಸುತ್ತಿದ್ದ ಯಂತ್ರವನ್ನು ಹೊಟ್ಟೆಯೊಳಗಿನದನ್ನು ನೋಡಲು ಬಳಸಿ, ಸಂಗಡಿಗರ ಜೊತೆ 1958ರಲ್ಲಿ ಅದರ ಬಗ್ಗೆ ಬರೆದರು. ಅಲ್ಲಿಂದ ಇಲ್ಲಿಯವರೆಗೆ ಕೋಟ್ಯಂತರ ಬಸುರಿಯರಿಗೆ ಸ್ಕ್ಯಾನ್ ಆಗಿದೆ. ಡಾಕ್ಟರು ಕಾರಣವಿಟ್ಟು ಹೇಳಿದಾಗ ಹೆದರದೆ ಮಾಡಿಸಿ. ಬರೀ ಮುಖ ನೋಡುವ ಆಸೆಗೆ ಮತ್ತೆ ಮತ್ತೆ ಮಾಡಿಸುವುದು ಬೇಕಿಲ್ಲ. ಮತ್ತೆ, 18ರಿಂದ 22 ವಾರದೊಳಗಿನ ಈ ಸ್ಕ್ಯಾನ್ ಹೃದಯ, ಬೆನ್ನುಮೂಳೆ, ಮಿದುಳು, ಮೂತ್ರಪಿಂಡ, ಕೈಕಾಲು ಎಲ್ಲ ನೋಡುತ್ತದೆ ನಿಜ, ಆದರೆ ಇರುವ ಎಲ್ಲ ದೋಷವೂ ಇದರಲ್ಲಿ ಕಂಡೇ ಕಾಣುತ್ತದೆ ಎಂದಿಲ್ಲ. ಅಂದುಕೊಂಡದ್ದಕ್ಕಿಂತ ಹೆಚ್ಚು ಹೊತ್ತು ಹಿಡಿದರೂ ಗಾಬರಿಯಾಗಬೇಡಿ. ಮಗು ಬೆನ್ನು ತಿರುಗಿಸಿ ಮಲಗಿದ್ದರೆ ಹೃದಯ ಸರಿಯಾಗಿ ಕಾಣುವುದಿಲ್ಲ. ತಾಯಿಯನ್ನು ಒಂದಿಷ್ಟು ನಡೆದಾಡಿ ಬರಲು ಹೇಳುತ್ತಾರೆ.

ಪ್ರಶ್ನೆ: 22 ವಾರ. ಎಡಕ್ಕೇ ಮಲಗಬೇಕಂತೆ. ಬೆಳಿಗ್ಗೆ ಎದ್ದಾಗ ಅಂಗಾತ ಮಲಗಿರುತ್ತೇನೆ. ಮಗುವಿಗೆ ರಕ್ತ ಹೋಗದೆ ಏನಾದರೂ ಆಗಿಬಿಟ್ಟರೆ?

ಉತ್ತರ: ಏನೂ ಆಗಿಲ್ಲ, ಈ ವಾರಗಳಲ್ಲಿ ನಿಮಗೆ ಹೇಗೆ ಹಿತವೋ ಹಾಗೆ ಮಲಗಿ. 28 ವಾರ ದಾಟಿದ ಮೇಲೆ ನಿದ್ದೆಗೆ ಜಾರುವಾಗ ಮಗ್ಗುಲಾಗಿರಿ. ಎಡವಾದರೂ ಸರಿ, ಬಲವಾದರೂ ಸರಿ. ಆಗ ಗರ್ಭಕೋಶ ಭಾರವಾಗಿ, ಅಂಗಾತ ಮಲಗಿದರೆ ಬೆನ್ನಿನ ಬದಿಯ ದೊಡ್ಡ ರಕ್ತನಾಳವನ್ನು ಒತ್ತುತ್ತದೆ. ನಡುರಾತ್ರಿ ಎಚ್ಚರವಾದಾಗ ಅಂಗಾತ ಇದ್ದರೆ ಮತ್ತೆ ಮಗ್ಗುಲಾಗಿ, ಅಷ್ಟೆ. ಮೊಣಕಾಲುಗಳ ನಡುವೆ ಒಂದು ದಿಂಬು, ಬೆನ್ನಿಗೊಂದು ಇಟ್ಟುಕೊಂಡರೆ ಸೊಂಟಕ್ಕೂ ಹಿತ.

ಪ್ರಶ್ನೆ: ಇದನ್ನು ಯಾರಿಗೂ ಹೇಳಿಲ್ಲ ಸಿಸ್ಟರ್. ಕಬ್ಬಿಣಾಂಶದ ಮಾತ್ರೆ ನುಂಗಿದರೆ ಹೊಟ್ಟೆ ಕಟ್ಟುತ್ತದೆ, ಮಲ ಕಪ್ಪಗಾಗುತ್ತದೆ, ಬಾಯೆಲ್ಲ ತುಕ್ಕಿನ ರುಚಿ. ಎರಡು ವಾರದಿಂದ ಮಾತ್ರೆ ಕಸಕ್ಕೆ ಹಾಕುತ್ತಿದ್ದೇನೆ. ಮನೆಯವರು ತೆಗೆದುಕೊಂಡೆಯಾ ಎಂದರೆ ಹೂಂ ಅನ್ನುತ್ತೇನೆ. 23 ವಾರ, ರಕ್ತ 9.6 ಅಂದಿದ್ದಾರೆ.

ಉತ್ತರ: ಹೇಳಿದಿರಲ್ಲ, ನನಗೆ ನಿಜಕ್ಕೂ ಸಂತೋಷವಾಯಿತು. ವಾರ್ಡಿನಲ್ಲಿ ಒಮ್ಮೆ ಹಾಸಿಗೆ ಬದಲಿಸುವಾಗ ದಿಂಬಿನ ಚೀಲದೊಳಗೆ 22 ಮಾತ್ರೆ ಸಿಕ್ಕಿದವು. ಆ ತಾಯಿ ನನ್ನ ಕೈ ಹಿಡಿದುಕೊಂಡು "ಡಾಕ್ಟರಿಗೆ ಹೇಳಬೇಡಿ" ಅಂದಳು. ಆವತ್ತು ನಾನು ಬೈದಿದ್ದೆ. ಆಮೇಲೆ ಮನೆಗೆ ಹೋಗಿ ಯೋಚಿಸಿದರೆ, ಮಾತ್ರೆ ಹೇಗೆ ನುಂಗಬೇಕು, ನುಂಗಿದರೆ ಏನಾಗುತ್ತದೆ ಎಂದು ನಾವ್ಯಾರೂ ಅವಳಿಗೆ ಹೇಳಿಯೇ ಇರಲಿಲ್ಲ. ಚೀಟಿ ಬರೆದು ಕೊಟ್ಟಿದ್ದೆವು, ಅಷ್ಟೆ. ಮರುದಿನ ಹೋಗಿ ಅವಳ ಪಕ್ಕ ಕೂತು ಎಲ್ಲ ಹೇಳಿದೆ. ಅದನ್ನೇ ನಿಮಗೂ ಹೇಳುತ್ತೇನೆ.

ಬಸುರಿಯ ಮೈಯಲ್ಲಿ ರಕ್ತದ ಪ್ರಮಾಣ ಹೆಚ್ಚುಕಡಿಮೆ ಅರ್ಧದಷ್ಟು ಜಾಸ್ತಿಯಾಗುತ್ತದೆ. ಆದರೆ ನೀರಿನ ಅಂಶ ಬೆಳೆದಷ್ಟು ವೇಗವಾಗಿ ಕೆಂಪುಕಣ ಬೆಳೆಯುವುದಿಲ್ಲ, ಹಾಗಾಗಿ ಹಿಮೋಗ್ಲೋಬಿನ್ ಒಂದಿಷ್ಟು ಇಳಿಯುವುದು ಸಹಜ. ಈ ನಡುವಿನ ತಿಂಗಳುಗಳಲ್ಲಿ 10.5ಕ್ಕಿಂತ ಕೆಳಗೆ ಬಂದರೆ ಅದನ್ನು ರಕ್ತಹೀನತೆ ಎನ್ನುತ್ತಾರೆ. ನಿಮ್ಮದು 9.6. ಹೆದರುವಂಥದ್ದಲ್ಲ, ಆದರೆ ಬಿಟ್ಟುಬಿಡುವಂಥದ್ದೂ ಅಲ್ಲ. ಹೆರಿಗೆಯಲ್ಲಿ ಎಲ್ಲರಿಗೂ ಸ್ವಲ್ಪ ರಕ್ತ ಹೋಗುತ್ತದೆ. ಮೈಯಲ್ಲಿ ಸಾಕಷ್ಟಿದ್ದವಳು ಅದನ್ನು ತಡೆದುಕೊಳ್ಳುತ್ತಾಳೆ, ಇಲ್ಲದವಳು ಕುಸಿಯುತ್ತಾಳೆ. 23ನೇ ವಾರದಲ್ಲಿ ಸರಿಪಡಿಸಿಕೊಳ್ಳಲು ಬೇಕಾದಷ್ಟು ಸಮಯವಿದೆ, 37ನೇ ವಾರದಲ್ಲಿ ಇರುವುದಿಲ್ಲ.

ಮಲ ಕಪ್ಪಾಗುವುದು ಮೈಗೆ ಹತ್ತದ ಕಬ್ಬಿಣಾಂಶ ಹೊರಹೋಗುವುದರಿಂದ, ಅದರಿಂದ ಅಪಾಯವಿಲ್ಲ. ಚಹಾ, ಕಾಫಿ, ಹಾಲು ಇವುಗಳ ಜೊತೆ ಮಾತ್ರೆ ನುಂಗಬೇಡಿ, ಇವು ಕಬ್ಬಿಣಾಂಶ ಮೈಗೆ ಹತ್ತದ ಹಾಗೆ ಮಾಡುತ್ತವೆ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ ಕಡೇಪಕ್ಷ ಎರಡು ಗಂಟೆ ಅಂತರವಿರಲಿ. ಎಷ್ಟೋ ಜನ ಎರಡನ್ನೂ ಒಂದೇ ಗುಟುಕಿಗೆ ನುಂಗಿ, ರಕ್ತ ಯಾಕೆ ಏರಲಿಲ್ಲ ಎಂದು ಕೇಳುತ್ತಾರೆ. ನಿಂಬೆ, ಕಿತ್ತಳೆಯಂಥ ಹುಳಿ ಹಣ್ಣಿನ ರಸದ ಜೊತೆ ತೆಗೆದುಕೊಂಡರೆ ಚೆನ್ನಾಗಿ ಹತ್ತುತ್ತದೆ. ಖಾಲಿ ಹೊಟ್ಟೆಯಲ್ಲಿ ವಾಕರಿಕೆ ಬಂದರೆ ಊಟವಾಗಿ ಸ್ವಲ್ಪ ಹೊತ್ತಿನ ಮೇಲೆ, ಅಥವಾ ರಾತ್ರಿ ಮಲಗುವ ಮುಂಚೆ ನುಂಗಿ ನೋಡಿ. ಹೊಟ್ಟೆ ಕಟ್ಟುವುದಕ್ಕೆ ಮಾತ್ರೆಯೊಂದೇ ಕಾರಣವಲ್ಲ, ಬಸುರಿನ ಹಾರ್ಮೋನಿನಿಂದ ಕರುಳೇ ನಿಧಾನವಾಗಿರುತ್ತದೆ. ನೀರು, ನಾರಿನಂಶದ ಕಾಳು, ಸೊಪ್ಪು, ಹಣ್ಣು, ದಿನಕ್ಕೆ ಅರ್ಧ ಗಂಟೆ ನಡಿಗೆ. ಇಷ್ಟಕ್ಕೂ ಆಗದಿದ್ದರೆ ಬಸುರಿನಲ್ಲಿ ತೆಗೆದುಕೊಳ್ಳಬಹುದಾದ ಔಷಧವಿದೆ, ಕೇಳಿ ಪಡೆಯಿರಿ.

ಇಷ್ಟೆಲ್ಲ ಮಾಡಿಯೂ ನುಂಗಲಾಗದಿದ್ದರೆ ಡಾಕ್ಟರ ಮುಂದೆ ಕೂತು "ನಾನು ಎರಡು ವಾರದಿಂದ ತೆಗೆದುಕೊಂಡಿಲ್ಲ" ಎಂದೇ ಹೇಳಿ. ಬೇರೆ ಬಗೆಯ ಮಾತ್ರೆ ಕೊಡುತ್ತಾರೆ, ದಿನ ಬಿಟ್ಟು ದಿನ ಕೊಡಬಹುದು, ಬೇಕಾದರೆ ರಕ್ತನಾಳದ ಮೂಲಕವೂ ಕೊಡುತ್ತಾರೆ. ನೀವು ಮುಚ್ಚಿಟ್ಟರೆ ಅವರು ಏನು ತಿಳಿಯುತ್ತಾರೆ ಗೊತ್ತೇ? ಮಾತ್ರೆ ತೆಗೆದುಕೊಂಡರೂ ರಕ್ತ ಏರುತ್ತಿಲ್ಲ ಎಂದು ಬೇರೆ ರೋಗ ಹುಡುಕಲು ಹೊರಡುತ್ತಾರೆ, ಬೇಡದ ಪರೀಕ್ಷೆಗಳಿಗೆಲ್ಲ ನೀವು ಕೈ ಚಾಚಬೇಕಾಗುತ್ತದೆ.

ಪ್ರಶ್ನೆ: ಮುಂದಿನ ವಾರ ಸಕ್ಕರೆ ನೀರು ಕುಡಿಸಿ ಪರೀಕ್ಷೆ ಮಾಡುತ್ತಾರಂತೆ. ನಮ್ಮ ವಂಶದಲ್ಲೇ ಯಾರಿಗೂ ಸಕ್ಕರೆ ಕಾಯಿಲೆ ಇಲ್ಲ, ನಾನು ಸಿಹಿ ತಿನ್ನುವುದೂ ಕಡಿಮೆ. ತಪ್ಪಿಸಿಕೊಳ್ಳಬಹುದೇ?

ಉತ್ತರ: ತಪ್ಪಿಸಿಕೊಳ್ಳಬೇಡಿ ತಾಯಿ. ಬಸುರಿನ ಸಕ್ಕರೆ ಬರುವುದು ಸಿಹಿ ತಿಂದದ್ದರಿಂದ ಅಂತ ಯಾರು ಹೇಳಿದರೋ! ಮಗು ಬೆಳೆಯಲೆಂದು ಮಾಸು ಬಿಡುಗಡೆ ಮಾಡುವ ಹಾರ್ಮೋನುಗಳು ತಾಯಿಯ ಇನ್ಸುಲಿನ್ನಿನ ಕೆಲಸಕ್ಕೆ ಅಡ್ಡ ಬರುತ್ತವೆ. ಆ ಅಡ್ಡಿ 24ರಿಂದ 28 ವಾರದ ಹೊತ್ತಿಗೆ ಜೋರಾಗುತ್ತದೆ, ಅದಕ್ಕೇ ಪರೀಕ್ಷೆ ಆಗ. ಮನೆತನದಲ್ಲಿ ಇದ್ದರೆ ಸಾಧ್ಯತೆ ಹೆಚ್ಚು, ನಿಜ. ಆದರೆ ಯಾರಿಗೂ ಇಲ್ಲದ ಮನೆಯ ಹುಡುಗಿಗೂ ಬರುತ್ತದೆ, ಯಾವ ಲಕ್ಷಣವನ್ನೂ ತೋರದೆ ಬರುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ವಿಧಾನದಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸುತ್ತಾರೆ. ಬರಿ ಹೊಟ್ಟೆಯಲ್ಲಿ 92, ಒಂದು ಗಂಟೆಗೆ 180, ಎರಡು ಗಂಟೆಗೆ 153, ಇವುಗಳಲ್ಲಿ ಒಂದನ್ನು ಮುಟ್ಟಿದರೂ ಬಸುರಿನ ಸಕ್ಕರೆ ಎನ್ನುತ್ತಾರೆ. ಕೆಲವು ಕಡೆ ವಿಧಾನ ಬೇರೆ ಇರುತ್ತದೆ, ಉಪವಾಸ ಬರಬೇಕೋ ಬೇಡವೋ ಎಂದು ಮೊದಲೇ ಕೇಳಿಕೊಳ್ಳಿ. ನಿಧಾನವಾಗಿ, ಆದರೆ ಐದು ನಿಮಿಷದೊಳಗೆ ಕುಡಿಯಿರಿ. ವಾಂತಿಯಾದರೆ ಹೇಳಿಬಿಡಿ, ಮುಚ್ಚಿಟ್ಟರೆ ಲೆಕ್ಕ ತಪ್ಪುತ್ತದೆ. ಕಾಯುವ ಹೊತ್ತಿಗೆ ಓದಲು ಏನಾದರೂ, ಪರೀಕ್ಷೆ ಮುಗಿದ ಮೇಲೆ ತಿನ್ನಲು ಏನಾದರೂ ಜೊತೆಗಿರಲಿ. ಇದೆ ಎಂದು ಗೊತ್ತಾದರೂ ಬಹಳ ಜನರಿಗೆ ಊಟದ ಹದ ಮತ್ತು ನಡಿಗೆಯಲ್ಲೇ ಹತೋಟಿಗೆ ಬರುತ್ತದೆ. ಗೊತ್ತಾಗದೆ ಉಳಿದರೆ ಮಗು ಅತಿಯಾಗಿ ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆ, ಹುಟ್ಟಿದ ಕೂಡಲೇ ಮಗುವಿನ ಸಕ್ಕರೆ ಕುಸಿಯುತ್ತದೆ.

ಪ್ರಶ್ನೆ: ದಿನವಿಡೀ ನಿಂತು ಮಾಡುವ ಕೆಲಸ ನನ್ನದು. 24 ವಾರ. ಎದ್ದು ನಿಂತರೆ, ಕೆಮ್ಮಿದರೆ ಹೊಟ್ಟೆಯ ಬದಿಯಿಂದ ತೊಡೆಸಂದಿಯವರೆಗೆ ಚಳಕ್ ಎನ್ನುತ್ತದೆ. ಕೆಲವೊಮ್ಮೆ ಹೊಟ್ಟೆ ಕಲ್ಲಿನಂತೆ ಬಿಗಿಯಾಗಿ ಮತ್ತೆ ಸಡಿಲವಾಗುತ್ತದೆ. ಇದೇನು ಹೆರಿಗೆ ನೋವೇ? ಕೆಲಸ ಬಿಡಬೇಕೇ?

ಉತ್ತರ: ಚಳಕ್ ಎನ್ನುವುದು ಗರ್ಭಕೋಶವನ್ನು ಹಿಡಿದುಕೊಂಡಿರುವ ತಂತುಗಳದ್ದು. ಗರ್ಭಕೋಶ ಬೆಳೆದಂತೆ ಅವು ಹಗ್ಗದ ಹಾಗೆ ಎಳೆದುಕೊಳ್ಳುತ್ತವೆ. ಏಳುವಾಗ ಒಮ್ಮೆಲೇ ಏಳದೆ ಮಗ್ಗುಲಿಗೆ ಹೊರಳಿ ಕೈಯೂರಿ ಎದ್ದರೆ, ಕೆಮ್ಮು ಬರುವಾಗ ಮುಂದಕ್ಕೆ ಬಾಗಿದರೆ ಕಡಿಮೆಯಾಗುತ್ತದೆ. ಬಿಗಿಯಾಗಿ ಸಡಿಲವಾಗುವುದು ಗರ್ಭಕೋಶ ತಾನೇ ಮಾಡಿಕೊಳ್ಳುವ ಅಭ್ಯಾಸ. ಅದಕ್ಕೆ 1872ರಲ್ಲಿ ಅದನ್ನು ವಿವರಿಸಿದ ಇಂಗ್ಲಿಷ್ ವೈದ್ಯ ಬ್ರಾಕ್ಸ್‌ಟನ್ ಹಿಕ್ಸ್ ಅವರ ಹೆಸರೇ ನಿಂತಿದೆ. ಲಯವಿಲ್ಲದೆ ಬರುತ್ತದೆ, ನೀರು ಕುಡಿದು ಸ್ವಲ್ಪ ಕೂತರೆ ಹೋಗುತ್ತದೆ.

ಹೋಗದೆ ಗಡಿಯಾರದ ಹಾಗೆ ಮತ್ತೆ ಮತ್ತೆ ಬಂದರೆ, ಜೊತೆಗೆ ಸೊಂಟದ ಕೆಳಗೆ ನೋವು, ಕೆಳಕ್ಕೆ ಒತ್ತಿದ ಹಾಗೆ, ನೀರು ಹೋದ ಹಾಗೆ, ರಕ್ತ, ಇವುಗಳಲ್ಲಿ ಯಾವುದೇ ಇದ್ದರೂ ತಡಮಾಡದೆ ಹೊರಡಿ. ಉರಿಮೂತ್ರ, ಜ್ವರವಿದ್ದರೂ ತೋರಿಸಿ. ಮೂತ್ರದ ಸೋಂಕು ತಿಂಗಳು ತುಂಬುವ ಮುಂಚೆಯೇ ಹೆರಿಗೆ ನೋವು ತರಿಸುವುದುಂಟು. ವಿಪರೀತ ತಲೆನೋವು, ಕಣ್ಣು ಮಂಜಾಗುವುದು, ಮುಖ ಕೈ ಇದ್ದಕ್ಕಿದ್ದಂತೆ ಊದಿಕೊಳ್ಳುವುದು, ಪಕ್ಕೆಲುಬಿನ ಕೆಳಗೆ ನೋವು, ಇವಂತೂ 20 ವಾರದ ಮೇಲೆ ರಕ್ತದೊತ್ತಡದ ಸುಳಿವು. 140/90 ಮುಟ್ಟಿದರೆ ಹೆಚ್ಚೆಂದೇ ಲೆಕ್ಕ. ನೋವಿಗೆಂದು ಅಂಗಡಿಯಿಂದ ತಂದು ಐಬುಪ್ರೊಫೇನ್‌ನಂಥ ಮಾತ್ರೆ ನುಂಗಬೇಡಿ, 20 ವಾರದ ನಂತರ ಅದು ಮಗುವಿನ ಮೂತ್ರಪಿಂಡಕ್ಕೆ ತೊಂದರೆ ಕೊಡಬಲ್ಲದು.

ಎಲ್ಲ ಸರಿಯಿದ್ದರೆ ಕೆಲಸ ಬಿಡಬೇಕಾಗಿಲ್ಲ. ಆದರೆ ಕೂರಲು ಒಂದು ಸ್ಟೂಲ್ ಕೇಳಿ. ಕೇಳುವುದು ದಾಕ್ಷಿಣ್ಯ ಅನ್ನಿಸಿದರೆ ಡಾಕ್ಟರಿಂದ ಎರಡು ಸಾಲು ಬರೆಸಿಕೊಂಡು ಹೋಗಿ. ನಾನೂ ಬಸುರಿಯಾಗಿ ಎಂಟೆಂಟು ಗಂಟೆ ನಿಂತವಳು. ಒಂದು ಕಾಲನ್ನು ತಗ್ಗಿನ ಮಣೆಯ ಮೇಲಿಟ್ಟು, ಆಗಾಗ ಕಾಲು ಬದಲಿಸಿದರೆ ಸೊಂಟಕ್ಕೆ ಎಷ್ಟು ಬಿಡುವು ಸಿಗುತ್ತದೆ ಎಂದು ಕಲಿತದ್ದು ಆಗಲೇ. ಕಾರಿನಲ್ಲಿ ಹೋಗುವಾಗ ಸೀಟ್ ಬೆಲ್ಟಿನ ಕೆಳಪಟ್ಟಿ ಹೊಟ್ಟೆಯ ಕೆಳಗೆ, ಮೇಲಿನ ಪಟ್ಟಿ ಎದೆಯ ನಡುವಿನಿಂದ ಬರಲಿ, ಹೊಟ್ಟೆಯ ಮೇಲೆ ಯಾವುದೂ ಬೇಡ.

ಪ್ರಶ್ನೆ: ಎಲ್ಲರೂ ನನ್ನ ಹೊಟ್ಟೆ ನೋಡಿ ಖುಷಿಪಡುತ್ತಾರೆ. ನನಗೆ ಏನೂ ಅನ್ನಿಸುವುದಿಲ್ಲ ಅಕ್ಕ. ಬಚ್ಚಲಿಗೆ ಹೋಗಿ ಅಳುತ್ತೇನೆ. ಈ ಮಗುವನ್ನು ನಾನೇ ಬಯಸಿದ್ದು. ಈಗ ಅದರ ಮೇಲೆ ಪ್ರೀತಿಯೇ ಹುಟ್ಟುತ್ತಿಲ್ಲ. ನಾನು ಎಂಥ ತಾಯಿ? 25 ವಾರ.

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಕೊಡುತ್ತೇನೆ: ಮಗುವಿನ ಬಗ್ಗೆ ಯೋಚಿಸಿ ಅಳುವಷ್ಟು ಕಾಳಜಿ ಇರುವ ತಾಯಿ.

ಹೊಟ್ಟೆಯಲ್ಲಿರುವಾಗಲೇ ಪ್ರೀತಿ ಉಕ್ಕಿ ಹರಿಯಬೇಕು ಎಂದೇನಿಲ್ಲ. ಎಷ್ಟೋ ತಾಯಂದಿರಿಗೆ ಅದು ಮಗುವನ್ನು ಎತ್ತಿಕೊಂಡು ಕೆಲವು ವಾರವಾದ ಮೇಲೆ ಬರುತ್ತದೆ. ಅದು ನನ್ನನ್ನು ಚಿಂತೆಗೆ ಹಚ್ಚಲಿಲ್ಲ. ಹಚ್ಚಿದ್ದು ಏನೂ ಅನ್ನಿಸುವುದಿಲ್ಲ ಎಂಬ ಮಾತು, ಬಚ್ಚಲಿನ ಬಾಗಿಲು ಹಾಕಿಕೊಂಡು ಅಳುವುದು. ದಿನದ ಹೆಚ್ಚು ಹೊತ್ತು ಹೀಗೇ ಇದ್ದು ಎರಡು ವಾರ ದಾಟಿದ್ದರೆ, ನಿದ್ದೆ ಊಟ ಕೆಟ್ಟಿದ್ದರೆ, ಇಷ್ಟದ ಕೆಲಸವೂ ಬೇಡವಾಗಿದ್ದರೆ ಇದು ಖಿನ್ನತೆ ಇರಬಹುದು. ಹೆತ್ತ ಮೇಲೆ ಬರುವುದನ್ನು ಈಗೀಗ ಜನ ಕೇಳಿದ್ದಾರೆ. ಹೊತ್ತಿರುವಾಗಲೂ ಬರುತ್ತದೆ ಎಂಬುದನ್ನು ಯಾರೂ ಹೇಳುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ನೂರು ಬಸುರಿಯರಲ್ಲಿ ಸುಮಾರು 10 ಮಂದಿಗೆ ಮಾನಸಿಕ ತೊಂದರೆ ಇರುತ್ತದೆ, ಅದರಲ್ಲಿ ಹೆಚ್ಚಿನದು ಖಿನ್ನತೆಯೇ. ಅಂದರೆ ತಪಾಸಣೆಗೆ ನಿಮ್ಮ ಜೊತೆ ಸಾಲಿನಲ್ಲಿ ಕೂತವರ ನಡುವೆಯೂ ನಿಮ್ಮಂಥವರು ಇರುತ್ತಾರೆ. ಅವರೂ ನಗುಮುಖ ಹಾಕಿಕೊಂಡೇ ಕೂತಿರುತ್ತಾರೆ.

ಮುಂದಿನ ತಪಾಸಣೆಯವರೆಗೆ ಕಾಯಬೇಡಿ. ಈ ವಾರವೇ ಹೋಗಿ. ಏನು ಹೇಳಬೇಕೆಂದು ತೋಚದಿದ್ದರೆ ನನಗೆ ಬರೆದ ನಾಲ್ಕು ಸಾಲನ್ನೇ ಕಾಗದದಲ್ಲಿ ಬರೆದು ಡಾಕ್ಟರ ಅಥವಾ ಸಿಸ್ಟರ ಕೈಗೆ ಕೊಡಿ. ಮಾತಾಡಲೇಬೇಕೆಂದಿಲ್ಲ. ಅವರಲ್ಲಿ ಹತ್ತು ಪ್ರಶ್ನೆಗಳ ಒಂದು ಪಟ್ಟಿ ಇರುತ್ತದೆ, 1987ರಲ್ಲಿ ಎಡಿನ್‌ಬರೋದಲ್ಲಿ ಬಾಣಂತಿಯರಿಗೆಂದು ಮಾಡಿದ್ದು, ಈಗ ಬಸುರಿಯರಿಗೂ ಬಳಸುತ್ತಾರೆ. ಕಳೆದ ಏಳು ದಿನ ಹೇಗಿದ್ದಿರಿ ಎಂದು ಕೇಳುತ್ತದೆ, ಐದು ನಿಮಿಷದ ಕೆಲಸ. ರಕ್ತ ಮತ್ತು ಥೈರಾಯ್ಡ್ ನೋಡಿ ಎಂದೂ ಕೇಳಿ. ಅವು ಏರುಪೇರಾದರೂ ಮನಸ್ಸು ಹೀಗೇ ಕುಗ್ಗುತ್ತದೆ. ಕೂತು ಮಾತಾಡಿಸುವ ಚಿಕಿತ್ಸೆಯಲ್ಲೇ ಅನೇಕರು ಚೇತರಿಸಿಕೊಳ್ಳುತ್ತಾರೆ, ಬೇಕೆನಿಸಿದರೆ ಬಸುರಿನಲ್ಲಿ ಕೊಡಬಹುದಾದ ಮಾತ್ರೆಗಳೂ ಇವೆ. ಮೊದಲಿನಿಂದ ಯಾವುದಾದರೂ ಮಾತ್ರೆ ತೆಗೆದುಕೊಳ್ಳುತ್ತಿದ್ದು ಬಸುರಿ ಎಂದು ನೀವೇ ನಿಲ್ಲಿಸಿದ್ದರೆ ಅದನ್ನೂ ಹೇಳಲೇಬೇಕು. ಇನ್ನೊಂದು ಮಾತು, ಇದನ್ನು ಕೇಳದೆ ನನಗೆ ಸಮಾಧಾನವಾಗದು: ಬದುಕುವುದೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಬಂದಿದ್ದರೆ ಈ ಹೊತ್ತೇ, ಇವತ್ತೇ ಹತ್ತಿರದವರೊಬ್ಬರಿಗೆ ಹೇಳಿ, ಅವರ ಜೊತೆ ಆಸ್ಪತ್ರೆಗೆ ಹೋಗಿ, ಒಬ್ಬರೇ ಇರಬೇಡಿ.

ನಿಮ್ಮ ಮನೆಯಲ್ಲಿ ಯಾರಿಗೆ ಹೇಳಬಹುದು ಎಂದು ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರುತ್ತದೆ. ಒಬ್ಬರಿಗೆ ಸಾಕು.

ಪ್ರಶ್ನೆ: ನಾನು ಅತ್ತೆ. ಸೊಸೆಗೆ ಆರನೇ ತಿಂಗಳು. ಇಬ್ಬರ ಊಟ ಮಾಡು ಎಂದರೆ ಮುಖ ಸಿಂಡರಿಸುತ್ತಾಳೆ. ಹೇಗಿದ್ದೀಯ ಅಂದರೆ "ಚೆನ್ನಾಗಿದ್ದೀನಿ ಅತ್ತೆ", ಅಷ್ಟೇ. ನನಗೆ ಏನನ್ನೂ ಹೇಳುವುದಿಲ್ಲ.

ಉತ್ತರ: ಅಮ್ಮಾ, ನೀವು ಬರೆದದ್ದು ನನಗೆ ಬಹಳ ಇಷ್ಟವಾಯಿತು. ಊಟದ ವಿಷಯದಲ್ಲಿ ಸೊಸೆಯದೇ ಸರಿ. ಮೈಕಟ್ಟು ಸಾಧಾರಣವಾಗಿದ್ದ ಹೆಂಗಸಿಗೆ ಈ ನಡುವಿನ ತಿಂಗಳುಗಳಲ್ಲಿ ದಿನಕ್ಕೆ ಹೆಚ್ಚಿಗೆ ಬೇಕಾಗುವುದು ಸುಮಾರು 340 ಕ್ಯಾಲೊರಿ. ಒಂದು ಲೋಟ ಹಾಲು, ಒಂದು ಮೊಟ್ಟೆ, ಒಂದು ಹಣ್ಣು, ಹೆಚ್ಚುಕಡಿಮೆ ಅಷ್ಟೇ ಆಯಿತು. ತೂಕ ವಾರಕ್ಕೆ ಸುಮಾರು 400 ಗ್ರಾಂ ಏರಿದರೆ ಚೆನ್ನ. ಗರ್ಭಕೋಶ ಮೇಲೇರಿ ಜಠರವನ್ನು ಒತ್ತುತ್ತಿರುತ್ತದೆ, ಜಠರದ ಬಾಯಿಯೂ ಸಡಿಲವಾಗಿರುತ್ತದೆ. ಒಂದೇ ಸಲ ತಟ್ಟೆ ತುಂಬ ಬಡಿಸಿದರೆ ಎದೆಯುರಿಯಿಂದ ರಾತ್ರಿಯಿಡೀ ಕೂತಿರುತ್ತಾಳೆ. ಅವಳು ಮುಖ ಸಿಂಡರಿಸುವುದು ಅದಕ್ಕೇ ಇರಬಹುದು. ಸ್ವಲ್ಪ ಸ್ವಲ್ಪವಾಗಿ ಐದಾರು ಸಲ ಕೊಡಿ. ರಾತ್ರಿಯ ಊಟ ಮಲಗುವುದಕ್ಕೆ ಎರಡು ಮೂರು ಗಂಟೆ ಮೊದಲೇ ಮುಗಿಯಲಿ.

"ಹೇಗಿದ್ದೀಯ" ಎಂದು ಕೇಳಿದರೆ ಎಲ್ಲರೂ ಚೆನ್ನಾಗಿದ್ದೀನಿ ಎಂದೇ ಹೇಳುತ್ತಾರೆ, ವಾರ್ಡಿನಲ್ಲೂ ಹಾಗೇ. ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. "ನಿನ್ನೆ ರಾತ್ರಿ ಎಷ್ಟು ಸಲ ಎದ್ದೆ? ಮೀನಖಂಡ ಹಿಡಿದುಕೊಂಡಿತಾ? ಮಾತ್ರೆ ನುಂಗಿದರೆ ಹೊಟ್ಟೆ ಹೇಗಿರುತ್ತೆ?" ಎಂದು ಕೇಳುತ್ತಿದ್ದೆ. ನೀವೂ ಸಂಜೆ ಅವಳ ಪಕ್ಕ ಕೂತು ಹೀಗೆ ಒಂದನ್ನು ಕೇಳಿ ನೋಡಿ. ಅವಳು ಹೇಳಲು ಶುರು ಮಾಡಿದರೆ ನಡುವೆ "ನಮ್ಮ ಕಾಲದಲ್ಲಿ" ಎನ್ನಬೇಡಿ. ಪೂರ್ತಿ ಹೇಳಲಿ. ಅವಳು ಏನು ಹೇಳಿದಳು ಎಂದು ಮುಂದಿನ ತಿಂಗಳು ನನಗೆ ಬರೆಯಿರಿ.